ಸಸ್ಯೋದ್ಯಾನಕ್ಕೆ ಯಾಕೆ ಬಂದಿರಿ ಎಂದು ಒಮ್ಮೆ ಜನರನ್ನೇ ಕೇಳಿ: ಒಂದು ಬಹಿರಂಗ ಪತ್ರ

ರಾಜ್ಯದ ಸಸ್ಯೋದ್ಯಾನಗಳ ಆಡಳಿತದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಹಾಗೂ ಅವುಗಳಿಗೆ ಹಣ ಮಂಜೂರು ಮಾಡುವ ಜನಪ್ರತಿನಿಧಿಗಳಿಗೆ,

ಮಾನ್ಯರೇ,

ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಕೆಲಸದಲ್ಲಿದ್ದಾಗ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಲಾಲ್‌ಬಾಗಿಗೆ ಹೋಗುತ್ತಿದ್ದೆ. ಈಗ ಮಂಡಿನೋವಿಗೆ ನಡಿಗೆಯೇ ಔಷಧಿ ಎಂದು ಡಾಕ್ಟರು ಹೇಳಿದ್ದರಿಂದ ಹೋಗುತ್ತೇನೆ. ಯಾವ ಊರಿಗೆ ಹೋದರೂ ಅಲ್ಲೊಂದು ಸಸ್ಯೋದ್ಯಾನವಿದ್ದರೆ ಒಂದು ಸುತ್ತು ಹಾಕದೆ ಬಂದವಳಲ್ಲ. ಹೀಗೆ ನೋಡುತ್ತಾ ಬಂದಿದ್ದರಲ್ಲಿ ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ತಮ್ಮ ಮುಂದೆ ಎಲ್ಲರಿಗೂ ಕೇಳುವಂತೆ ಇಡಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಸಸ್ಯೋದ್ಯಾನಕ್ಕೆ ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ನಾವು ಇಡುತ್ತೇವೆ. ಫಲಪುಷ್ಪ ಪ್ರದರ್ಶನ ಮುಗಿದ ಮರುದಿನ ಪತ್ರಿಕೆಗಳಲ್ಲಿ ಬರುವ ಮೊದಲ ಸುದ್ದಿಯೇ ಅದು: ಟಿಕೆಟ್ ಎಷ್ಟು ಹೋಯಿತು, ಹಣ ಎಷ್ಟು ಬಂತು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ. ಬಂದವರು ಯಾಕೆ ಬಂದರು, ಏನು ಹುಡುಕಿಕೊಂಡು ಬಂದರು, ಅದು ಸಿಕ್ಕಿತೇ ಎಂದು ಗೇಟಿನ ಬಳಿ ಯಾರಾದರೂ ಅವರನ್ನು ಕೇಳಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಕೇಳದೇ ಇರುವುದರಿಂದ ಎರಡು ಊಹೆಗಳು ಸತ್ಯದಂತೆ ಉಳಿದುಬಿಟ್ಟಿವೆ. ಜನ ಹೂವಿನ ಅಲಂಕಾರ ನೋಡಲು ಬರುತ್ತಾರೆ ಎನ್ನುವುದು ಒಂದು. ಜನರಿಗೆ ಗಿಡಮರಗಳ ಬಗ್ಗೆ ಆಸಕ್ತಿ ಇಲ್ಲ, ಸುಮ್ಮನೆ ಕಾಲ ಕಳೆಯಲು ಬರುತ್ತಾರೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿ ವರ್ಷದ ಕೆಲವೇ ದಿನಗಳಿಗೆ ಎಲ್ಲ ಶಕ್ತಿಯನ್ನೂ ಸುರಿಯುತ್ತೇವೆ. ಎರಡನೆಯದನ್ನು ನಂಬಿ ಉಳಿದ ದಿನಗಳಲ್ಲಿ ಬರುವವರನ್ನು ಕಾಯಬೇಕಾದ ಗುಂಪಿನಂತೆ ನೋಡುತ್ತೇವೆ.

ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಗಿನ ಲಾಲ್‌ಬಾಗಿನಲ್ಲಿ ಬಹುಪಾಲು ನಡೆಯುವವರು. ಸಕ್ಕರೆ ಕಾಯಿಲೆ, ಬಿ.ಪಿ., ಬೆನ್ನುನೋವು ಅವರನ್ನು ಹಾಸಿಗೆಯಿಂದ ಎಬ್ಬಿಸಿ ಕಳಿಸುತ್ತವೆ. ಆದರೆ ಅವರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಬರುವಂತೆ ಮಾಡುವುದು ಕಾಯಿಲೆಯೊಂದೇ ಅಲ್ಲ. ಕೆರೆ ಏರಿಯ ಮೇಲೆ ಇಷ್ಟು ಹೊತ್ತಿಗೆ ಇಂಥವರು ಸಿಗುತ್ತಾರೆ ಎಂಬ ನಂಬಿಕೆ ಅವರನ್ನು ಎಳೆಯುತ್ತದೆ. ಮಗ ಅಮೆರಿಕದಲ್ಲಿ, ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ದಿನದಲ್ಲಿ ಬಾಯಿ ತುಂಬ ಮಾತಾಡುವುದು ಇಲ್ಲಿ ಮಾತ್ರ ಎನ್ನುವ ಹಿರಿಯರನ್ನು ನಾನು ಬಲ್ಲೆ. ವಾಕಿಂಗ್ ಮುಗಿಸಿ ಗೇಟಿನ ಹೊರಗೆ ಬೂದುಗುಂಬಳದ ಜ್ಯೂಸ್ ಕುಡಿದು ಮನೆಗೆ ಹೋಗುವವರು, ಎಂಟಿಆರ್ ಕಡೆ ಕಾಫಿಗೆ ಹೆಜ್ಜೆ ಹಾಕುವವರು, ಬಂಡೆಯ ಮೇಲೆ ಕೂತು ಪ್ರಾಣಾಯಾಮ ಮಾಡುವವರು, ಹಸಿರಿನ ನಡುವೆ ನಿಂತು ಜೋರಾಗಿ ನಗುವ ನಗೆಕೂಟದವರು, ಇವರಲ್ಲಿ ಯಾರನ್ನು ಕೇಳಿದರೂ ‘ಗಿಡ ನೋಡಲು ಬಂದೆ’ ಎನ್ನಲಿಕ್ಕಿಲ್ಲ. ಆದರೆ ಮರಗಳಿಲ್ಲದ ಒಂದು ಮೈದಾನಕ್ಕೆ ಇವರು ಇಷ್ಟು ನಿಷ್ಠೆಯಿಂದ ಬರುತ್ತಿದ್ದರೇ? ಖಂಡಿತ ಇಲ್ಲ.

ಮಧ್ಯಾಹ್ನ ಬರುವವರು ಬೇರೆ. ಒಂದು ದಿನ ನೆರಳಿನ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಆಸ್ಪತ್ರೆಯ ಫೈಲು, ಒಂದು ಸ್ಟೀಲ್ ಡಬ್ಬಿ. ಮಾತಿಗೆಳೆದೆ. ಕೊಪ್ಪಳದ ಕಡೆಯವರು. ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತಮ್ಮನನ್ನು ಸೇರಿಸಿದ್ದರು. ಮಧ್ಯಾಹ್ನ ಇನ್ನೊಬ್ಬರು ಬಂದು ರೋಗಿಯ ಹತ್ತಿರ ಕೂತರೆ ಇವರಿಗೆ ಒಂದೆರಡು ತಾಸು ಬಿಡುವು. “ಅಲ್ಲಿ ಕುಂತ್ರ ಎದಿ ಡವಡವ ಅಂತೈತ್ರಿ ಅಕ್ಕಾರ. ಇಲ್ಲಿ ಗಿಡದ ಬುಡಕ ಬಂದು ಕುಂತ್ರ ಸ್ವಲ್ಪ ಸಮಾಧಾನ ಆಕ್ಕೈತಿ. ನಮ್ಮೂರಾಗ ಇದ್ದಂಗ ಅನಸ್ತೈತಿ,” ಅಂದರು. ಅವರು ಒರಗಿ ಕೂತಿದ್ದ ಮರ ಯಾವುದೆಂದು ನನಗೆ ಗೊತ್ತಿತ್ತು. ಅವರಿಗೆ ಅದು ಬೇಕಿರಲಿಲ್ಲ, ನಾನೂ ಹೇಳಲು ಹೋಗಲಿಲ್ಲ. ಆಮೇಲೆ ಅವರೇ ಕೈಗೆ ಸಿಕ್ಕಿದ ಉದುರೆಲೆಯೊಂದನ್ನು ತಿರುವಿ ತಿರುವಿ ನೋಡಿ, “ಇದು ಯಾವ ಗಿಡರಿ?” ಎಂದು ಕೇಳಿದರು. ಸಮಾಧಾನವಾದ ಮೇಲೆ ಕುತೂಹಲ ತಾನಾಗಿಯೇ ಬಂತು. ಸಸ್ಯೋದ್ಯಾನದಲ್ಲಿ ಕಲಿಕೆ ನಡೆಯುವುದು ಈ ಕ್ರಮದಲ್ಲಿ ಎಂದು ನನ್ನ ಅನುಭವ ಹೇಳುತ್ತದೆ. ನಾವು ಅದನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಆ ಹೆಂಗಸು ಹೇಳಿದ್ದು ಬರೀ ಭಾವನೆಯ ಮಾತಲ್ಲ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಪ್ರಕಟಿಸಿದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಅವರು ಹೋಲಿಸಿ ನೋಡಿದ್ದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ಬಲವಾದ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು. ಜಪಾನಿನ ಅರಣ್ಯ ಇಲಾಖೆ 1982ರಿಂದಲೇ ಕಾಡಿನಲ್ಲಿ ಸುಮ್ಮನೆ ನಡೆದು ಉಸಿರಾಡುವುದನ್ನು ಆರೋಗ್ಯದ ಅಭ್ಯಾಸವಾಗಿ ಪ್ರಚಾರ ಮಾಡಿತು. ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ಮನಶ್ಶಾಸ್ತ್ರದ ಕಡೆಯಿಂದ ಇದನ್ನು ವಿವರಿಸಿದರು: ದಿನವಿಡೀ ಬಲವಂತವಾಗಿ ಒಂದೇ ಕಡೆ ಗಮನವಿಟ್ಟು ದಣಿದ ಮನಸ್ಸು, ತಾನಾಗಿ ಕಣ್ಣು ಸೆಳೆಯುವ ಎಲೆ, ನೀರು, ನೆರಳುಗಳ ನಡುವೆ ಮತ್ತೆ ಚೇತರಿಸಿಕೊಳ್ಳುತ್ತದೆ. ಸುಮ್ಮನೆ ಕಾಲ ಕಳೆಯಲು ಬರುತ್ತಾರೆ ಎಂದು ನಾವು ಹಗುರವಾಗಿ ಹೇಳುವ ಜನ ನಿಜವಾಗಿ ಮಾಡುತ್ತಿರುವುದು ಇದನ್ನು.

ಜನ ಯಾಕೆ ಬರುತ್ತಾರೆ ಎಂಬುದನ್ನೇ ನೇರವಾಗಿ ಕೇಳಿದ ಅಧ್ಯಯನಗಳೂ ಇವೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಮೌಂಟ್ ಕೂಟ್-ಥಾ ಸಸ್ಯೋದ್ಯಾನದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಅವುಗಳಲ್ಲೊಂದು. ಖುಷಿಯಾಗಿರಲು, ನೋಟ ಸವಿಯಲು, ಮನೆಯವರು ಗೆಳೆಯರ ಜೊತೆ ಹೊತ್ತು ಕಳೆಯಲು ಬಂದವರೇ ಅಲ್ಲಿ ಹೆಚ್ಚು. ಕಲಿಯುವ ಉದ್ದೇಶ ಬಹಳ ಹಿಂದೆ ಬಿದ್ದಿತ್ತು. ವಸ್ತುಸಂಗ್ರಹಾಲಯದಂಥ ಕಡೆ ಹೋಗುವವರಿಗೆ ಹೋಲಿಸಿದರೂ ಸಸ್ಯೋದ್ಯಾನಕ್ಕೆ ಬಂದವರಲ್ಲಿ ಅದು ಕಡಿಮೆಯೇ. ಗಿಡಗಳ ಪಾಠವನ್ನೇ ಜೀವನ ಮಾಡಿಕೊಂಡಿದ್ದ ನನಗೆ ಇದನ್ನು ಓದಿದಾಗ ಬೇಸರವಾಗಲಿಲ್ಲ. ಬೇರೆ ಯಾವುದೋ ಕಾರಣಕ್ಕೆ ಬಂದು, ನಿರಾಳವಾಗಿ, ಕಣ್ಣು ತೆರೆದುಕೊಂಡು ಓಡಾಡುತ್ತಿರುವ ಇಷ್ಟೊಂದು ಜನ ಯಾವ ಮೇಷ್ಟರಿಗೆ ಸಿಗುತ್ತಾರೆ?

ಬಂದ ಕಾರಣವನ್ನೇ ದಾರಿ ಮಾಡಿಕೊಂಡು ಜ್ಞಾನ ಕೊಡುವುದು ಹೇಗೆಂದು ಒಂದು ಮರದ ಉದಾಹರಣೆಯಿಂದ ಹೇಳುತ್ತೇನೆ. ನಾಗಲಿಂಗ ಪುಷ್ಪದ ಮರದ ಕೆಳಗೆ ನಿಂತು ಕೈಮುಗಿಯುವವರನ್ನು ತಾವೂ ನೋಡಿರುತ್ತೀರಿ. ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಕಾಂಡದಿಂದಲೇ ಹೊರಟ ಒರಟು ಜಡೆಗಳಲ್ಲಿ, ಕೈಗೆಟುಕುವ ಎತ್ತರದಲ್ಲೇ ಅರಳುತ್ತದೆ. ದಪ್ಪ ಕೆಂಪು ಎಸಳು, ನಡುವೆ ಪುಟ್ಟ ಲಿಂಗದಂಥ ಉಬ್ಬು, ಅದರ ಮೇಲೆ ಹೆಡೆಯಂತೆ ಬಾಗಿದ ಕೇಸರಗಳ ಗೊಂಚಲು. ಪರಿಮಳ ಮಾರು ದೂರಕ್ಕೆ ಬಡಿಯುತ್ತದೆ. ಅಜ್ಜಿಯರು ಉದುರಿದ ಹೂವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾರೆ, ಮನೆಯ ದೇವರಿಗೆ. ಈ ಮರದ ತವರು ದಕ್ಷಿಣ ಅಮೆರಿಕದ ಗಯಾನಾ, ಅಮೆಜಾನ್ ಕಡೆಯ ಕಾಡು. ಸಮುದ್ರ ದಾಟಿ ಬಂದ ಒಂದು ಮರ ನಮ್ಮ ಶಿವನಿಗೆ ಇಷ್ಟು ಹತ್ತಿರವಾದ ಬಗೆಯನ್ನು ಆ ಮರದ ಪಕ್ಕದಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆದಿಟ್ಟರೆ ಭಕ್ತಿಗೆ ಕುಂದಿಲ್ಲ. ಅಜ್ಜಿ ಮೊಮ್ಮಗನಿಂದ ಓದಿಸಿಕೊಳ್ಳುತ್ತಾರೆ, ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳುತ್ತಾರೆ. ಬಹುತೇಕ ಸಸ್ಯೋದ್ಯಾನಗಳಲ್ಲಿ ನಾನು ಕಂಡಿರುವುದು ಕೈಯಗಲದ ತಗಡಿನ ಫಲಕ. ಲ್ಯಾಟಿನ್ ಹೆಸರು, ಕುಟುಂಬದ ಹೆಸರು, ಅಷ್ಟೇ. ಒಂದು ಕಡೆಯಂತೂ ಹೊಡೆದ ಮೊಳೆಯನ್ನು ತೊಗಟೆ ನುಂಗಿ, ತಗಡು ಮಡಚಿಕೊಂಡು, ಹೆಸರಿನ ಕೊನೆಯ ಮೂರಕ್ಷರ ಮಾತ್ರ ಹೊರಗೆ ಉಳಿದಿತ್ತು. ಅದನ್ನು ಯಾರಿಗಾಗಿ ಹಾಕಿದ್ದಾರೆ? ಸಸ್ಯಶಾಸ್ತ್ರ ಓದಿದವರಿಗೆ ಅದು ಬೇಡ, ಓದದವರಿಗೆ ಅದು ತಿಳಿಯದು.

ಇನ್ನು ಹದಿಹರೆಯದವರು, ಜೋಡಿಗಳು. ಈ ಮಾತು ಎತ್ತಿದರೆ ಹಲವರಿಗೆ ಇರಿಸುಮುರಿಸು, ಗೊತ್ತಿದೆ. ಆದರೂ ಹೇಳಲೇಬೇಕು. ಹತ್ತಡಿ ಅಗಲದ ಪಿ.ಜಿ. ಕೋಣೆಯಲ್ಲಿ ಮೂವರು ಇರುವ ಊರಿನಲ್ಲಿ, ಒಂದು ಕಾಫಿಗೆ ಇನ್ನೂರು ರೂಪಾಯಿ ಕೇಳುವ ಅಂಗಡಿಗಳ ನಡುವೆ, ಕಡಿಮೆ ಸಂಬಳದ ಹುಡುಗ ಹುಡುಗಿ ಕೂತು ಮಾತಾಡಲು ಎಲ್ಲಿಗೆ ಹೋಗಬೇಕು? ಮರದ ನೆರಳೊಂದೇ ಅವರಿಗೆ ಉಳಿದ ಜಾಗ. ಸಭ್ಯತೆ ಮೀರಿದರೆ ಹೇಳಲು ಕಾನೂನಿದೆ. ಸುಮ್ಮನೆ ಪಕ್ಕಪಕ್ಕ ಕೂತದ್ದಕ್ಕೇ ಸೀಟಿ ಊದಿ ಎಬ್ಬಿಸುವುದನ್ನು ನಾನು ಬೇರೆ ಬೇರೆ ಊರುಗಳಲ್ಲಿ ನೋಡಿದ್ದೇನೆ. ಹಾಗೆಯೇ ಒಬ್ಬಳೇ ಬಂದು ಕೂರುವ ಹೆಂಗಸು. ಮನೆಯಲ್ಲಿ ಒಂದು ಗಳಿಗೆ ತನ್ನದೆಂಬ ಹೊತ್ತು ಸಿಗದವಳು, ಕಚೇರಿಯಿಂದ ಮನೆಗೆ ಹೋಗುವ ಮುನ್ನ ಅರ್ಧ ಗಂಟೆ ಸುಮ್ಮನಿರಬೇಕೆನಿಸಿದವಳು. ಅವಳಿಗೆ ಬೇಕಾದುದು ಯಾರೂ ಪ್ರಶ್ನಿಸದ ಒಂದು ಬೆಂಚು, ಬೆಳಕಿರುವ ಒಂದು ದಾರಿ, ಬಾಗಿಲು ಹಾಕಿಕೊಳ್ಳಲು ಚಿಲಕವಿರುವ ಒಂದು ಶೌಚಾಲಯ. ಅದು ಇಲ್ಲವೆಂಬ ಒಂದೇ ಕಾರಣಕ್ಕೆ ನೀರು ಕುಡಿಯದೆ ಬರುವ, ಬೇಗ ಹೊರಟುಹೋಗುವ ಹೆಂಗಸರು ಎಷ್ಟು ಜನ ಎಂಬುದು ಟಿಕೆಟ್ ಲೆಕ್ಕದಲ್ಲಿ ಎಂದಿಗೂ ಕಾಣುವುದಿಲ್ಲ.

ಸೀಟಿಯ ಮಾತು ಬಂದಿದ್ದರಿಂದ ನನ್ನ ನೋವನ್ನೂ ಹೇಳಿಬಿಡುತ್ತೇನೆ. ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ಜಿಲ್ಲೆಯ ಉದ್ಯಾನಕ್ಕೆ ಪ್ರಥಮ ವರ್ಷದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಊರಿನ ಹೆಸರು ಬೇಡ, ಅಲ್ಲಿನವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಳ್ಳಿಗಳಿಂದ ಬರುವ ಮಕ್ಕಳು. ಒಂದೊಂದು ಮರ ಆರಿಸಿಕೊಳ್ಳಿ, ಅದರ ಎದುರು ಕೂತು ಕಾಣುವುದನ್ನೆಲ್ಲ ಬರೆಯಿರಿ, ತೊಗಟೆ ಮುಟ್ಟಿ ನೋಡಿ, ಬಿದ್ದ ಎಲೆಯ ನರಗಳನ್ನು ಚಿತ್ರಿಸಿ ಎಂದಿದ್ದೆ. ಇನ್ನೂ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದರು, ಕಾವಲಿನವರು ಸೀಟಿ ಊದುತ್ತಾ ಬಂದರು. ಹುಲ್ಲಿನ ಮೇಲೆ ಕೂರುವಂತಿಲ್ಲ, ಗಿಡ ಮುಟ್ಟುವಂತಿಲ್ಲ, ಗುಂಪಾಗಿ ನಿಲ್ಲುವುದಾದರೆ ಅನುಮತಿ ಪತ್ರ ಬೇಕು. ಕಾಲೇಜಿನ ಪತ್ರ ತೋರಿಸಿದೆ. ಅದರ ಮೇಲೆ ಬೇಕಾದ ಸಹಿ ಬೇರೆಯವರದಂತೆ. ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಮಕ್ಕಳು ದಾರಿಯ ಮೇಲೆ ಸಾಲಾಗಿ ನಡೆದು, ದೂರದಿಂದ ಮರಗಳನ್ನು ನೋಡಿ, ಬಸ್ಸು ಹತ್ತಿದರು. ಅದೇ ಉದ್ಯಾನದಲ್ಲಿ ಅದೇ ದಿನ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದವರು ಶುಲ್ಕ ಕಟ್ಟಿ ಹುಲ್ಲಿನ ಮೇಲೆ ಹೊಗೆಯ ಡಬ್ಬಿ ಹಚ್ಚಿಟ್ಟಿದ್ದರು. ಫೋಟೋಗೆ ಬರುವವರ ಬಗ್ಗೆ ನನಗೆ ತಕರಾರಿಲ್ಲ. ಚೆಂದದ ಜಾಗದಲ್ಲಿ ತಮ್ಮ ಚಿತ್ರವಿರಲಿ ಎನ್ನುವುದೂ ಮನುಷ್ಯಸಹಜ ಆಸೆಯೇ. ಆದರೆ ಸಸ್ಯೋದ್ಯಾನವೆಂದು ಹೆಸರಿಟ್ಟುಕೊಂಡ ಜಾಗದಲ್ಲಿ ಎಲೆ ನೋಡಲು ಬಂದ ಮಕ್ಕಳಿಗೆ ಜಾಗವಿಲ್ಲವಾಯಿತಲ್ಲ, ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಫಲಪುಷ್ಪ ಪ್ರದರ್ಶನದ ವಿಷಯಕ್ಕೆ ಬರುತ್ತೇನೆ. ಅದನ್ನು ನಿಲ್ಲಿಸಿ ಎನ್ನುವವಳು ನಾನಲ್ಲ. ಗಣರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯೋತ್ಸವಕ್ಕೆ ಲಾಲ್‌ಬಾಗಿನ ಗಾಜಿನಮನೆಗೆ ಹೋಗುವುದು ಎಷ್ಟೋ ಮನೆಗಳಲ್ಲಿ ಹಬ್ಬದಂತೆ ನಡೆದುಬಂದಿದೆ. 2022ರ ಆಗಸ್ಟ್ ಪ್ರದರ್ಶನವನ್ನು ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ನೆನಪಿಗೆ ಅರ್ಪಿಸಿದಾಗ ಸೇರಿದ ಜನಸಾಗರವನ್ನು ಮರೆಯಲಾಗದು. ಹಿಂದಿನ ವರ್ಷ ಅಪ್ಪುವನ್ನು ಕಳೆದುಕೊಂಡ ದುಃಖ ಇನ್ನೂ ಹಸಿಯಾಗಿತ್ತು. ಎಲ್ಲೆಲ್ಲಿಂದಲೋ ಬಸ್ಸು, ರೈಲು ಹತ್ತಿ ಬಂದವರು ಹೂವಿನ ಮುಂದೆ ನಿಂತು ಕಣ್ಣೊರೆಸಿಕೊಂಡರು. ಅವರನ್ನು ಕರೆತಂದದ್ದು ಪ್ರೀತಿ ಮತ್ತು ಶೋಕ. ಹೂವು ಅದಕ್ಕೊಂದು ನೆಲೆ ಕೊಟ್ಟಿತು. ಇಂಥ ಕಾರಣವನ್ನು ಕೀಳಾಗಿ ಕಾಣಲು ಸಾಧ್ಯವೇ? ನನ್ನ ತಕರಾರು ಇಷ್ಟೇ: ಅಷ್ಟು ಜನ ಬಂದು, ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಗಾಜಿನಮನೆ ಸುತ್ತಿ, ಸಂತೆಯಲ್ಲಿ ಬೆಂಡು ಬತ್ತಾಸು ಕೊಂಡು ಹೊರಟುಹೋಗುತ್ತಾರೆ. ಗಾಜಿನಮನೆಯ ಬಾಗಿಲಿನಿಂದ ಕೂಗಳತೆಯಲ್ಲೇ ಇರುವ ಮಹಾಮರಗಳ ಕಡೆಗೆ ಅವರನ್ನು ಕರೆದೊಯ್ಯುವ ಒಂದು ಬಾಣದ ಗುರುತೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕೊಯ್ದು ತಂದ ಸೇವಂತಿಗೆ, ಗುಲಾಬಿ ಕೆಲವೇ ದಿನಕ್ಕೆ ಬಾಡುತ್ತವೆ. ಕೆರೆಯ ಕಡೆ ಇರುವ ಬಿಳಿ ಬೂರುಗದ ಮರ, ಗೋಡೆಗಳಂತೆ ಎದ್ದ ಅದರ ಬೇರುಗಳು, ವರ್ಷದ ಮುನ್ನೂರ ಅರವತ್ತೈದು ದಿನವೂ ಅಲ್ಲೇ ಇರುತ್ತವೆ.

ಲಾಲ್‌ಬಾಗನ್ನು ಕಟ್ಟಿದವರು ಜನರ ಆಸೆಗೂ ಸಸ್ಯಜ್ಞಾನಕ್ಕೂ ನಡುವೆ ಗೋಡೆ ಹಾಕಿರಲಿಲ್ಲ. 1760ರಲ್ಲಿ ಹೈದರ್ ಅಲಿ ಶುರುಮಾಡಿದ ತೋಟ ಮೊದಲಿಗೆ ಅರಸನ ಸಂತೋಷಕ್ಕೆಂದು ಹುಟ್ಟಿದ್ದು. ಟಿಪ್ಪು ಕಾಲಕ್ಕೆ ದೇಶವಿದೇಶಗಳ ಬೀಜ, ಸಸಿಗಳು ಬಂದವು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಅದರ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರಾನ್ ಕಾಲದಲ್ಲಿ ಇಲ್ಲಿ ಬೆಳೆಸಿ ಹಂಚಿದ ಗಿಡಗಳಲ್ಲಿ ಸೀಮೆಬದನೆಯೂ ಒಂದು. ಇವತ್ತು ನಮ್ಮ ಅಡುಗೆಮನೆಗಳಲ್ಲಿ ಅದು ಹೊರಗಿನದೆಂದು ಯಾರಿಗೂ ನೆನಪಿಲ್ಲ. ಗಾಜಿನಮನೆಗೆ 1889ರಲ್ಲಿ ಅಡಿಗಲ್ಲು ಹಾಕಿಸಿದ ಅದೇ ಕ್ಯಾಮರಾನ್, ಹೂವು ನೋಡಲು ಬರುವ ಜನರಿಗೂ ಹೊಸ ಬೆಳೆ ನೋಡಲು ಬರುವ ರೈತರಿಗೂ ಒಂದೇ ಸೂರು ಕೊಟ್ಟರು. ಆಮೇಲೆ ಬಂದ ಕ್ರುಂಬಿಗೆಲ್, ವರ್ಷದ ಯಾವ ತಿಂಗಳಿನಲ್ಲೂ ಊರಿನ ಯಾವುದಾದರೂ ರಸ್ತೆಯಲ್ಲಿ ಮರ ಹೂ ಬಿಟ್ಟಿರಬೇಕು ಎಂದು ಸಾಲುಮರಗಳನ್ನು ಯೋಚಿಸಿದರು. ಎಚ್.ಸಿ. ಜವರಾಯರು, ಎಂ.ಎಚ್. ಮರಿಗೌಡರು ಆ ಕೆಲಸವನ್ನು ಕೈಗೆತ್ತಿಕೊಂಡು ತೋಟಗಾರಿಕೆಯನ್ನು ಹಳ್ಳಿಹಳ್ಳಿಗೆ ಒಯ್ದರು. ಇವರೆಲ್ಲ ಜನರ ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅರಿತು ಅಲ್ಲಿಯೇ ಗಿಡ ನೆಟ್ಟವರು.

ಒಂದೇ ಮರಕ್ಕಾಗಿ ಜನ ತಲೆಮಾರುಗಟ್ಟಲೆ ಬರುವುದೂ ಉಂಟು. 1787ರಲ್ಲಿ ಶುರುವಾದ ಹೌರಾದ ಶಿಬ್‌ಪುರ ಸಸ್ಯೋದ್ಯಾನಕ್ಕೆ ಹೋದವರು ಮೊದಲು ಕೇಳುವುದು ಮಹಾ ಆಲದ ಮರ ಎಲ್ಲಿ ಎಂದು. ಅದರ ತಾಯಿಕಾಂಡಕ್ಕೆ ಶಿಲೀಂಧ್ರ ತಗುಲಿ 1925ರಲ್ಲಿ ತೆಗೆದುಹಾಕಿದರು. ಮರ ಸಾಯಲಿಲ್ಲ, ಬಿಳಲುಗಳ ಮೇಲೆಯೇ ಹಬ್ಬುತ್ತಾ ಹೋಗಿದೆ. ಈ ಕಥೆ ಕೇಳಿದ ಮಗು ಬಿಳಲು ಎಂದರೇನು, ಅದು ಕಾಂಡದ ಕೆಲಸ ಹೇಗೆ ಮಾಡುತ್ತದೆ ಎಂದು ಕೇಳದೇ ಇರುವುದಿಲ್ಲ. ನಮ್ಮಲ್ಲಿ ಇಂಥ ಕಥೆಗಳಿಗೆ ಬರವೇ? ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸಂಜೆ ಅದರ ಮೇಲೆ ಕೂತು ಸೂರ್ಯಾಸ್ತ ನೋಡುವ ಎಷ್ಟೋ ಜನರಿಗೆ ತಾವು ಕೂತಿರುವ ಕಲ್ಲಿನ ವಯಸ್ಸು ಗೊತ್ತಿಲ್ಲ. ಚಳಿಗಾಲಕ್ಕೆ ಮುಂಚೆ ಆಕಾಶ ಮಲ್ಲಿಗೆ ರಾತ್ರಿ ಅರಳಿ ಬೆಳಗಿಗೆ ನೆಲ ತುಂಬ ಬಿದ್ದಿರುತ್ತದೆ. ಆ ಉದ್ದನೆಯ ಬಿಳಿ ಕೊಳವೆ ಯಾಕಷ್ಟು ಉದ್ದ ಎಂದರೆ, ರಾತ್ರಿ ಹಾರುವ ಉದ್ದ ಸೊಂಡಿಲಿನ ಪತಂಗಗಳಿಗಾಗಿ. ಅಲ್ಲಿ ನಡೆಯುವವರು ದಿನಾ ಅದನ್ನು ತುಳಿದುಕೊಂಡೇ ಹೋಗುತ್ತಾರೆ, ಹೇಳುವವರಿಲ್ಲ.

ಆದ್ದರಿಂದ ನನ್ನ ಕೋರಿಕೆಗಳು ಇವು. ಮೊಟ್ಟಮೊದಲನೆಯದು, ಕೇಳಿ. ಮಳೆಗಾಲ, ಚಳಿಗಾಲ, ಬೇಸಿಗೆ, ಪ್ರದರ್ಶನದ ದಿನ, ಪ್ರದರ್ಶನವಿಲ್ಲದ ವಾರದ ದಿನ, ಬೆಳಗು, ಮಧ್ಯಾಹ್ನ, ಸಂಜೆ, ಇಷ್ಟೂ ಹೊತ್ತಿನಲ್ಲಿ ಪ್ರತಿ ಗೇಟಿನಲ್ಲಿ ನಿಂತು ಬಂದವರನ್ನು ವಿಚಾರಿಸಿ. ಮೊಬೈಲಿನಲ್ಲಿ ತುಂಬುವ ನಮೂನೆ ಸಾಲದು, ಕೊಪ್ಪಳದ ಆ ಹೆಂಗಸಿನ ಉತ್ತರ ಅದರಲ್ಲಿ ಬರುವುದಿಲ್ಲ. ಬಾಯಿಮಾತಿನಲ್ಲಿ, ಅವರ ಭಾಷೆಯಲ್ಲಿ, ಕೂತು ಕೇಳಬೇಕು. ಯಾಕೆ ಬಂದಿರಿ ಎಂಬ ಪ್ರಶ್ನೆಯ ಜೊತೆ ಇನ್ನೆರಡು ಸೇರಿಸಿ: ಏನು ಸಿಗಲಿಲ್ಲ, ಮನೆಯಲ್ಲಿ ಯಾರಿಗೆ ಬರಲಾಗಲಿಲ್ಲ ಮತ್ತು ಯಾಕೆ. ಬಾರದೇ ಉಳಿದವರ ಕಾರಣ ಬಂದವರ ಕಾರಣದಷ್ಟೇ ಮುಖ್ಯ. ಗಾಲಿಕುರ್ಚಿಯಲ್ಲಿರುವ ಅಪ್ಪ, ಟಿಕೆಟ್ಟಿಗೆ ಎರಡು ಸಲ ಯೋಚಿಸುವ ಕುಟುಂಬ, ಕತ್ತಲಾದರೆ ಭಯಪಡುವ ಹುಡುಗಿ, ಇವರ ಸುದ್ದಿ ಹೀಗೆ ಮಾತ್ರ ತಮಗೆ ತಲುಪೀತು. ಇದಕ್ಕೆ ದೊಡ್ಡ ಏಜೆನ್ಸಿಗೆ ಗುತ್ತಿಗೆ ಕೊಡಬೇಕಿಲ್ಲ. ಸಸ್ಯಶಾಸ್ತ್ರ, ಸಮಾಜಶಾಸ್ತ್ರ ಓದುತ್ತಿರುವ ಪದವಿ ವಿದ್ಯಾರ್ಥಿಗಳು ಸಂತೋಷದಿಂದ ಮಾಡುತ್ತಾರೆ, ಅವರಿಗೂ ಅದೊಂದು ಪಾಠ. ಬಂದ ಉತ್ತರಗಳನ್ನು ಕಡತದಲ್ಲಿ ಮುಚ್ಚಿಡದೆ ಪ್ರಕಟಿಸಬೇಕು.

ಉತ್ತರ ಬರುವವರೆಗೆ ಕಾಯಬೇಕಿಲ್ಲದ ಕೆಲಸಗಳೂ ಇವೆ. ಜನ ಎಲ್ಲಿ ಕೂರುತ್ತಾರೋ ಅಲ್ಲಿ, ಅಂದರೆ ಬೆಂಚಿನ ಎದುರು, ಕೆರೆ ಏರಿಯ ತಿರುವಿನಲ್ಲಿ, ಬಂಡೆಯ ಬುಡದಲ್ಲಿ, ಕಣ್ಣೆತ್ತರಕ್ಕೆ ಕನ್ನಡದ ಫಲಕ ಹಾಕಿ. ಮೊದಲು ಜನ ಬಳಸುವ ಹೆಸರು, ಆಮೇಲೆ ಮರದ ತವರು, ಯಾವ ಹಕ್ಕಿ, ಯಾವ ಹುಳ ಅದನ್ನು ನಂಬಿ ಬದುಕುತ್ತದೆ ಎಂಬುದು, ಕೊನೆಯಲ್ಲಿ ಲ್ಯಾಟಿನ್ ಹೆಸರು. ಕಾಂಡಕ್ಕೆ ಮೊಳೆ ಬೇಡ, ನೆಲಕ್ಕೆ ಕಂಬ ನೆಡಿ. ಕ್ಯೂಆರ್ ಕೋಡ್ ಇರಲಿ, ಆದರೆ ಅದೊಂದನ್ನೇ ಅಂಟಿಸಿ ಕೆಲಸ ಮುಗಿಯಿತು ಎನ್ನಬೇಡಿ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಗಾಜಿನಮನೆಯಿಂದ ಹೊರಬೀಳುವ ದಾರಿಯನ್ನೇ ನಾಲ್ಕಾರು ದೊಡ್ಡ ಮರಗಳ ಬಳಿ ಹಾದುಹೋಗುವಂತೆ ಮಾಡಿ, ಪ್ರತಿ ಮರದ ಕೆಳಗೆ ಮಾತಾಡಬಲ್ಲ ಒಬ್ಬರನ್ನು ನಿಲ್ಲಿಸಿ.

ಆ ಮಾತಾಡುವವರು ಯಾರು ಎಂದು ತಾವು ಕೇಳಬಹುದು. ತಮ್ಮ ಮಾಲಿಗಳೇ. ಇಪ್ಪತ್ತು ಮೂವತ್ತು ವರ್ಷ ಒಂದೇ ತೋಟದಲ್ಲಿ ಕೈ ಮಣ್ಣು ಮಾಡಿಕೊಂಡವರಿಗೆ ಗೊತ್ತಿರುವುದು ನನ್ನಂಥ ಪುಸ್ತಕದವರಿಗೆ ಗೊತ್ತಿಲ್ಲ. ಯಾವ ಮರ ಯಾವ ವರ್ಷ ಹೂ ಬಿಡಲಿಲ್ಲ, ಯಾವ ಕೊಂಬೆಯಲ್ಲಿ ಗೂಬೆ ಗೂಡು ಮಾಡಿತ್ತು, ಯಾವ ಸಸಿ ಮೂರು ಸಲ ಸತ್ತು ನಾಲ್ಕನೇ ಸಲ ಹಿಡಿಯಿತು ಎಂದು ಅವರು ಹೇಳುವುದನ್ನು ಕೇಳುತ್ತಾ ನಾನು ಎಷ್ಟೋ ಸಲ ಮನೆಗೆ ಹೋಗುವುದನ್ನೇ ಮರೆತಿದ್ದೇನೆ. ಜನರ ಜೊತೆ ಮಾತಾಡುವುದು ಅವರ ಕೆಲಸದ ಭಾಗ ಎಂದು ಆದೇಶ ಹೊರಡಿಸಿ. ಅದಕ್ಕೆ ಗೌರವಧನ ಕೊಡಿ. ಗುತ್ತಿಗೆಯ ಮೇಲೆ ದುಡಿಯುವವರಿಗೂ ಅದು ಸಿಗಲಿ. ವಾರಕ್ಕೊಮ್ಮೆ ಕನ್ನಡದಲ್ಲಿ ಮರ ಪರಿಚಯದ ನಡಿಗೆ ನಡೆಯಲಿ, ಶುಲ್ಕವಿಲ್ಲದೆ. ನಾನು ಕಂಡ ಇಂಥ ನಡಿಗೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಅವು ಚೆನ್ನಾಗಿಯೇ ಇರುತ್ತವೆ. ಆದರೆ ನಾಗಲಿಂಗ ಹೂವನ್ನು ಸೆರಗಿಗೆ ಕಟ್ಟಿಕೊಂಡ ಅಜ್ಜಿಗೆ ಅಲ್ಲಿ ಜಾಗವಿಲ್ಲ.

ಕಾವಲಿನ ಸಿಬ್ಬಂದಿಗೆ ಸೀಟಿ ಯಾವಾಗ ಊದಬೇಕು, ಯಾವಾಗ ಊದಬಾರದು ಎಂದು ಬರವಣಿಗೆಯಲ್ಲಿ ತಿಳಿಸಿ, ಅದನ್ನು ಗೇಟಿನಲ್ಲೂ ತೂಗುಹಾಕಿ. ಶಾಲಾ ಕಾಲೇಜು ಮಕ್ಕಳು ಮುಖ್ಯಸ್ಥರ ಒಂದು ಪತ್ರ ತಂದರೆ ಸಾಕು, ಅವರಿಗೆ ಕೂತು ಬರೆಯಲು ಒಂದು ಹುಲ್ಲಿನ ಜಾಗ, ಮುಟ್ಟಿ ನೋಡಲು ಒಂದಿಷ್ಟು ಗಿಡಗಳು ಮೀಸಲಿರಲಿ. ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಗಳಿರುವ ಕಡೆ ರೋಗಿಯ ಜೊತೆ ಬಂದವರಿಗೆ ಆಸ್ಪತ್ರೆಯ ಚೀಟಿ ತೋರಿಸಿದರೆ ಉಚಿತ ಪ್ರವೇಶ ಕೊಡಿ. ಸಿಂಗಪುರದ ಸಸ್ಯೋದ್ಯಾನ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಆರ್ಕಿಡ್ ತೋಟವೊಂದನ್ನು ಬಿಟ್ಟರೆ ಪ್ರವೇಶ ಶುಲ್ಕವೇ ಇಲ್ಲ. ಬೆಳಗಿನ ಐದರಿಂದ ನಡುರಾತ್ರಿಯವರೆಗೆ ಬಾಗಿಲು ತೆರೆದಿರುತ್ತದೆ. ಅಷ್ಟನ್ನು ನಾನು ಕೇಳುವುದಿಲ್ಲ. ಕೆಲಸ ಮುಗಿಸಿ ಬರುವವರಿಗೆ ಸಂಜೆ ಒಂದು ಗಂಟೆ ಹೆಚ್ಚು ಸಿಗಲಿ, ಆ ಹೊತ್ತಿನ ದಾರಿಗಳಲ್ಲಿ ಬೆಳಕಿರಲಿ, ಮರದೊಳಗೆ ಮಲಗುವ ಹಕ್ಕಿಗಳಿಗೆ ತೊಂದರೆಯಾಗದಂತೆ ಆ ಬೆಳಕು ನೆಲದ ಮಟ್ಟದಲ್ಲಿರಲಿ. ಹೆಂಗಸರ ಶೌಚಾಲಯದ ವಿಷಯ ಮೇಲೆ ಹೇಳಿದ್ದೇನೆ. ಈ ಪತ್ರದಲ್ಲಿ ಒಂದೇ ಒಂದು ಕೋರಿಕೆ ಈಡೇರುವುದಾದರೆ ಅದು ಇದಾಗಲಿ.

ಸಸ್ಯೋದ್ಯಾನದ ಮೊದಲ ಕೆಲಸ ಅಪರೂಪದ ಸಸ್ಯಗಳನ್ನು ಉಳಿಸುವುದು, ಸಂಶೋಧನೆ ಮಾಡುವುದು, ಜನರ ಮನರಂಜನೆ ಅಲ್ಲ ಎಂದು ತಮ್ಮಲ್ಲಿ ಕೆಲವರು ಹೇಳಬಹುದು. ಒಪ್ಪುತ್ತೇನೆ. ಪಶ್ಚಿಮ ಘಟ್ಟದ ಮರಗಳನ್ನು ಮಂಗಳೂರಿನ ಪಿಲಿಕುಳದಲ್ಲಿ ಬೆಳೆಸುತ್ತಿರುವಂಥ ಕೆಲಸ ಇನ್ನೂ ಹತ್ತು ಕಡೆ ನಡೆಯಬೇಕು. ಆದರೆ ಉದ್ಯಾನದ ಅಂಚು ಕತ್ತರಿಸಿ ರಸ್ತೆಗೋ ಕಟ್ಟಡಕ್ಕೋ ಕೊಡಬೇಕೆಂಬ ಮಾತು ಬಂದ ದಿನ ಬೀದಿಗೆ ಇಳಿಯುವವರು ಯಾರು? ಅಲ್ಲಿ ನಡೆದವರು, ಕೂತವರು, ಅತ್ತವರು, ಮದುವೆಗೆ ಮುಂಚೆ ಕೈಹಿಡಿದು ಓಡಾಡಿದವರು. ಅಪರೂಪದ ಮರವನ್ನು ಕಾಯುವ ಬೇಲಿ ಇವರೇ. ಇವರ ಕಾರಣಗಳನ್ನು ಗೌರವಿಸುವುದು ಸಸ್ಯಸಂರಕ್ಷಣೆಯ ಹೊರಗಿನ ಕೆಲಸವಲ್ಲ.

ಈ ಪತ್ರಕ್ಕೆ ಉತ್ತರವನ್ನು ತಾವೂ ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ. ಸಮೀಕ್ಷೆಯನ್ನು ಯಾವ ಉದ್ಯಾನದಲ್ಲಿ, ಯಾವ ತಿಂಗಳು ಶುರುಮಾಡುತ್ತೀರಿ ಎಂದಷ್ಟೇ ಮೊದಲು ತಿಳಿಸಿ. ಪ್ರಶ್ನೆಗಳನ್ನು ಸಿದ್ಧಪಡಿಸಲು, ವಿದ್ಯಾರ್ಥಿಗಳಿಗೆ ತರಬೇತಿ ಕೊಡಲು, ಗೇಟಿನಲ್ಲಿ ನಿಂತು ಕೇಳಲು ನನ್ನಂಥ ನಿವೃತ್ತ ಉಪನ್ಯಾಸಕರು ಹಲವರು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ.

ವಿಶ್ವಾಸಗಳೊಂದಿಗೆ,

ತಮ್ಮ ವಿಧೇಯ,
ಒಬ್ಬ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ
ಬೆಂಗಳೂರು